ನನ್ನ ಮೇಜು ಉಳಿಸಿದ ಫೋನು

ತಾಲೂಕು ಕಚೇರಿ ಮುಂದಿನ ಬೇವಿನ ನೆರಳಲ್ಲಿ ಮೇಜು ಹಾಕಿಕೊಂಡು ಕೂತವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಕೈಯಲ್ಲಿ ಕಾಗದ ಹಿಡಿದು ಪಾಳಿ ಹಚ್ಚುತ್ತವೆ. ಶಿಗ್ಗಾಂವಿಯಲ್ಲಿ ಮೂವತ್ತು ವರ್ಷ ಜನರ ಅರ್ಜಿ ಬರೆದೆ. ಹೋದ ವರ್ಷ ಕಣ್ಣು ಕೈಕೊಟ್ಟವು. ಮನುಷ್ಯರು ಕಾಣುತ್ತಾರೆ, ಅಕ್ಷರ ಕಾಣುವುದಿಲ್ಲ. ಇನ್ನು ಇದು ಇಷ್ಟೇ ಅಂದರು ಡಾಕ್ಟರು.

ಹಿರೇಕೆರೂರಿನ ಸಾಲೆಯಲ್ಲಿ ಕಲಿಸುವ ಮಗಳು ಮಾತ್ರ ಸಾಕು ಮಾಡು ಅನ್ನಲಿಲ್ಲ. ಹೇಳಿದ್ದನ್ನು ಅರ್ಜಿ ಮಾಡಿ ತಿರುಗಿ ಓದಿ ತೋರಿಸುವ ಮಾತಿನ ಫೋನೊಂದನ್ನು ತಂದುಕೊಟ್ಟಳು. "ಅಪ್ಪಾ, ಒಂದ್ ತಿಂಗಳ ನೋಡೂಣು. ಆಗಲಿಲ್ಲಂದ್ರ ಮೇಜು ಮನಿಗೆ ತರೂಣು," ಅಂದಳು. ಮೇಜು ಮನೆಗೆ ಬಂದರೆ ನಾನೂ ಅದರ ಪಕ್ಕದಲ್ಲಿ ಇನ್ನೊಂದು ಸಾಮಾನಾಗುತ್ತೇನೆ ಎಂದು ಹೆದರಿದ್ದೆ.

ಎಮ್ಮೆ ಈದ ಅರ್ಜಿ

ಮೊದಲ ದಿನ ಹುಲಗೂರಿನ ಹಿರಿಯರೊಬ್ಬರು ಬಂದರು. ಫೋನು, "ನಮಸ್ಕಾರ, ನಿಮ್ಮ ವಿಷಯ ತಿಳಿಸಿ," ಅಂತು.

ಬಂದವರೇ ಕೆಲಸದ ಮಾತೆತ್ತುವುದು ನಮ್ಮ ಕಡೆ ಮರ್ಯಾದೆಯಲ್ಲ. ಹಿರಿಯರು ಮೊದಲು ಫೋನಿನ ಆರೋಗ್ಯ ವಿಚಾರಿಸಿದರು. ಆಮೇಲೆ ಮಳೆಯ ಮಾತಾಡಿದರು. ಎಮ್ಮೆ ಈದದ್ದು, ಅಳಿಯನ ನಡುನೋವು, ಎಲ್ಲ ಆಯಿತು. ಫೋನು ಓದಿತು: "ಮಾನ್ಯರೇ, ನಮ್ಮ ಎಮ್ಮೆ ಈದಿದ್ದು, ಅಳಿಯನಿಗೆ ನಡುನೋವು ಇರುತ್ತದೆ. ಆದ್ದರಿಂದ ತಾವು ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ."

"ಭಾಳ ಛಲೋ ಬರದೈತಿ," ಅಂದರು ಹಿರಿಯರು. "ಬರ್ತೇನ್ರಿ ಹಂಗಾರ." ಎದ್ದು ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತರು. "ಅಂದಂಗ, ಪಹಣ್ಯಾಗ ನಮ್ಮಪ್ಪನ ಹೆಸರ ತಪ್ಪ ಬಿದ್ದೈತ್ರಿ. ಅದೊಂದೀಟು ಬರೀಬೇಕಿತ್ತು."

ನಿಜವಾದ ವಿಷಯ ಬರುವುದು ಏಳುವಾಗಲೇ. ಇದನ್ನು ಮಗಳಿಗೆ ಹೇಳಿದೆ. ಭಾನುವಾರ ಬಂದವಳು ಫೋನಿಗೆ ಒಂದು ಬುದ್ಧಿ ಕಲಿಸಿ ಹೋದಳು: ಯಾರಾದರೂ 'ಬರ್ತೇನ್ರಿ' ಅಂದ ಕೂಡಲೇ, 'ಹೊರಡುವ ಮುನ್ನ ಇನ್ನೇನಾದರೂ ಹೇಳುವುದಿದೆಯೇ?' ಎಂದು ಕೇಳಬೇಕು. ಅಂದಿನಿಂದ ಹೊರಟವರೆಲ್ಲ ಮತ್ತೆ ಕೂರತೊಡಗಿದರು.

ಗಂಡನ ಹೆಸರು

ಗೊಟಗೋಡಿ ಕಡೆಯ ಹೆಣ್ಣುಮಗಳೊಬ್ಬಳು ರೇಷನ್ ಕಾರ್ಡಿನ ಅರ್ಜಿಗೆ ಬಂದಳು. "ಪತಿಯ ಹೆಸರು ತಿಳಿಸಿ," ಅಂತು ಫೋನು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿಯಿಲ್ಲದ ಆಕೆ ನೆಲ ನೋಡಿದಳು. ಫೋನು ಮೂರು ಸಲ ಕೇಳಿತು. ಮೊದಲಾಗಿದ್ದರೆ ಆಧಾರ್ ಕಾರ್ಡು ನೋಡಿ ನಾನೇ ಬರೆದುಕೊಳ್ಳುತ್ತಿದ್ದೆ.

"ಯವ್ವಾ, ನನಗ ಅಕ್ಷರ ಕಾಣಂಗಿಲ್ಲ. ನೀನ ಹೇಳಬೇಕು," ಅಂದೆ.

"ಸುಮ್ನ ಹೆಂಗ ಹೇಳ್ಲಿ, ಅಣ್ಣಾರ?" ಎಂದವಳೇ ಸೆರಗು ಸರಿಮಾಡಿಕೊಂಡು, ಮದುವೆಯಲ್ಲಿ ಹೇಳುವಂತೆ ಹೆಸರನ್ನು ಪ್ರಾಸದಲ್ಲಿ ಕೂರಿಸಿ ಒಡಪು ಹಾಕಿದಳು:

"ಬಿಳಿಜ್ವಾಳದ ರೊಟ್ಟಿಗೆ ಎಣ್ಣಿಗಾಯಿ ಜೋಡಿ,
ಕರಿ ಸೀರಿಗೆ ಕೆಂಪ ಅಂಚಿನ ಮೋಡಿ,
ಬಸವಂತರಾಯರ ಹೆಸರ ಹೇಳತೇನಿ ಎಲ್ಲಾರನ್ನೂ ನೋಡಿ."

ಪಾಳಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಫೋನು ರೊಟ್ಟಿಯಿಂದ ಹಿಡಿದು 'ನೋಡಿ' ತನಕ ಎಲ್ಲವನ್ನೂ ಗಂಡನ ಹೆಸರಿನ ಜಾಗದಲ್ಲಿ ತುಂಬಿ ಓದಿತು. "ಸರಿಯಿದೆಯೇ?"

ನಾನು ತೆಗೆಸಲು ಹೋದೆ. ಆಕೆ ಬಿಡಲಿಲ್ಲ. "ಹಂಗ ಇರಲ್ರಿ. ನನ್ನ ಮದುವ್ಯಾಗ ಹೇಳಿದಾಗ ವಾಲಗದ ಸಪ್ಪಳಕ್ಕ ಒಬ್ರಿಗೂ ಕೇಳಿಸಿದ್ದಿಲ್ಲ. ಕಚೇರ್‍ಯಾಗರ ಓದ್ಲಿ."

ಅರ್ಜಿ ಹಾಗೆಯೇ ಒಳಗೆ ಹೋಯಿತು.

ಎರಡನೇ ಎಲೆ

ಸವಣೂರಿನ ಎಲೆ ವ್ಯಾಪಾರಿ ಚಾಚಾ ನನ್ನ ಹಳೆಯ ಗಿರಾಕಿ. ಅರ್ಜಿ ಮುಗಿದ ಮೇಲೆ ಎಲೆ ಅಡಿಕೆ ಮಡಚಿ ಕೊಡುವುದು ಅವರ ರೂಢಿ. ಈ ಸಲ ಎರಡು ಮಡಚಿ, ಒಂದನ್ನು ಫೋನಿನ ಮುಂದಿಟ್ಟರು.

"ಚಾಚಾ, ಅದು ತಿನ್ನಂಗಿಲ್ರಿ."

"ತಿನ್ನೂದು ಬಿಡೂದು ಅದರ ಮರ್ಜಿ. ಕೊಡೂದು ನಮ್ಮ ರಿವಾಜು."

ಅದನ್ನು ನೋಡಿ ಪಾಳಿಯವರೂ ಶುರು ಮಾಡಿದರು. ಯಂತ್ರ ಬಂದರೆ ಮನುಷ್ಯನ ಬಾಯಿಗೆ ಮಣ್ಣು ಎಂದು ಎಲ್ಲರೂ ಹೇಳುತ್ತಿದ್ದರು. ನನ್ನ ಬಾಯಿಗೆ ದಿನಾ ಎರಡು ಪಾಲು ಎಲೆ ಬೀಳತೊಡಗಿತು.

ಒಳಗಿನಿಂದ ಕರೆ

ತಿಂಗಳು ಮುಗಿಯಲು ಒಂದೇ ದಿನ ಉಳಿದಿತ್ತು. ಸಾಹೇಬರು ಕರೆಯುತ್ತಿದ್ದಾರೆ ಎಂದು ಸಿಪಾಯಿ ಬಂದ. ಮುಗಿಯಿತು ಅಂದುಕೊಂಡೆ. ಫೋನನ್ನು ಕಿಸೆಗೆ ಹಾಕಿಕೊಂಡು ಒಳಗೆ ಹೋದೆ.

"ಈ ರೊಟ್ಟಿ ಎಣ್ಣಿಗಾಯಿ ಅರ್ಜಿ ನಿಮ್ಮದೇನ್ರಿ?" ಅಂದರು ಸಾಹೇಬರು.

"ಹೌದ್ರಿ." ಕಣ್ಣಿನ ಸಂಗತಿ, ಫೋನಿನ ಸಂಗತಿ, ಎಲ್ಲ ಒಪ್ಪಿಸಿದೆ.

"ಕುಂದರ್‍ರಿ," ಅಂದರು. ಚಹಾ ತರಿಸಿದರು. ನನ್ನ ಕಣ್ಣು ಕೇಳಿದರು, ಮಳೆ ಕೇಳಿದರು, ಮಗಳ ಸಾಲೆ ಕೇಳಿದರು. ಅರ್ಧ ತಾಸಾಯಿತು. ಬೈಗುಳ ಬರಲಿಲ್ಲ, ಮೇಜು ತೆಗೆಯಿರಿ ಎಂಬ ಮಾತೂ ಬರಲಿಲ್ಲ. ತಡೆಯಲಾಗದೆ ಎದ್ದೆ.

"ಬರ್ತೇನ್ರಿ, ಸಾಹೇಬ್ರ."

ಕಿಸೆಯೊಳಗಿನಿಂದ ಫೋನು ಕೇಳಿತು: "ಹೊರಡುವ ಮುನ್ನ ಇನ್ನೇನಾದರೂ ಹೇಳುವುದಿದೆಯೇ?"

ಸಾಹೇಬರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅಂದಂಗ, ಒಂದ್ ಮಾತಿತ್ರಿ. ಮಗಳ ಮದುವಿ ಐತಿ. ಬೀಗರು ಎಲ್ಲಾರ ಮುಂದ ನನ್ನ ಕಡಿಂದ ಹೆಂಡ್ತಿ ಹೆಸರ ಹೇಳಸ್ತಾರಂತ. ನನಗ ಒಡಪು ಗಿಡಪು ಬರಂಗಿಲ್ಲ. ನಿಮ್ಮ ಫೋನಿಗೆ ಹೇಳಿ ಒಂದು ಮಾಡಿಸಿ ಕೊಡ್ರಿ."

"ಮತ್ತ ನನ್ನ ಮೇಜು, ಸಾಹೇಬ್ರ?"

"ಮೇಜಿಗೇನಾಗೇತಿ? ಅಲ್ಲೇ ಇರ್ಲಿ. ಆ ಅರ್ಜ್ಯಾಗ ಗಂಡನ ಹೆಸರೊಂದು ಗಿಡ್ಡ ಮಾಡ್ರಿ."

ನನಗೆ ಕಣ್ಣು ತುಂಬಿ ಬಂತು. ಮಗಳನ್ನು ನೆನೆದೆ, ಒಡಪು ತೆಗೆಯಗೊಡದ ಆ ತಾಯಿಯನ್ನು ನೆನೆದೆ, ಕಿಸೆಯೊಳಗಿದ್ದದ್ದಕ್ಕೂ ಮನಸ್ಸಿನಲ್ಲೇ ಕೈಮುಗಿದೆ. ಫೋನನ್ನು ಹೊರಗೆ ತೆಗೆದು ಸಾಹೇಬರ ಮುಂದಿಟ್ಟೆ. ಅವರು ಮೆಲ್ಲಗೆ ವಿಷಯ ಹೇಳಿದರು. ಒಂದು ತಿಂಗಳು ಅರ್ಜಿಯಲ್ಲೇ ಪಳಗಿದ ಫೋನು ಗಟ್ಟಿ ದನಿಯಲ್ಲಿ ಓದಿತು:

"ಗೆ, ಮಾನ್ಯ ಧರ್ಮಪತ್ನಿಯವರ ಸನ್ನಿಧಿಗೆ. ವಿಷಯ: ಎಲ್ಲರೆದುರು ತಮ್ಮ ಹೆಸರು ಹೇಳಲು ಅಪ್ಪಣೆ ಕೋರಿ."

ನಾನು ನಾಲಿಗೆ ಕಚ್ಚಿಕೊಂಡೆ. ಸಾಹೇಬರು ಹೇಳಿದರು:

"ಇದನ್ನ ಪ್ರಿಂಟ್ ತಗೀರಿ. ಮೂವತ್ತು ವರ್ಷದಿಂದ ಮನ್ಯಾಗ ನನ್ನ ಅರ್ಜಿ ಯಾಕ ಪಾಸ್ ಆಗವಲ್ಲದು ಅಂತ ಈಗ ತಿಳೀತು. ಮೊದಲ ಹಿಂಗ ಬರದ ಕೊಡಬೇಕಿತ್ತು."