ಹಿಂದಿನ ಚಕ್ರ ಅಗಲವಾದ ಕಥೆ

ಅಳತೆಪಟ್ಟಿ ಕೈಗೆ ಬಂದರೆ ನನಗೆ ಕಿವಿ ಕೇಳಿಸುವುದಿಲ್ಲ. ಅರಸೀಕೆರೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿ ನಿವೃತ್ತನಾದವನು ನಾನು. ಲೆಕ್ಕದ ವಿಷಯದಲ್ಲಿ ಯಾರಾದರೂ ಬಾಯಿ ಹಾಕಿದರೆ ಈಗಲೂ ಅವರನ್ನು ಬೆಂಚಿನ ಮೇಲೆ ನಿಲ್ಲಿಸಬೇಕೆನ್ನಿಸುತ್ತದೆ. ಈ ದೌರ್ಬಲ್ಯ ಬಹಳ ಕಾಲ ಮನೆಯೊಳಗೇ ಇತ್ತು. ಬೀದಿಗೆ ಬಂದದ್ದು ನನ್ನ ಕಾರಿನಿಂದ.

ಕಾರೆಂದರೆ ಎಲ್ಲರ ಮನೆಯ ಮುಂದೆ ನಿಂತಿರುವಂಥದ್ದಲ್ಲ. ಎರಡೇ ಸೀಟಿನ, ತಲೆಯ ಮೇಲೆ ತಗಡಿಲ್ಲದ, ವಯಸ್ಸಿನಲ್ಲಿ ನನಗೆ ಅಣ್ಣನಾಗಬಹುದಾದ ವಿಲಾಯಿತಿ ಸ್ಪೋರ್ಟ್ಸ್ ಕಾರು. ಬಿಕ್ಕೋಡಿನ ಕಾಫಿ ತೋಟದ ಯಜಮಾನರೊಬ್ಬರ ಶೆಡ್ಡಿನಲ್ಲಿ ಗೋಣಿಚೀಲ ಹೊದ್ದು ಮಲಗಿತ್ತು. ಅವರ ಮಗಳಿಗೆ ಹಿಂದೆ ಮನೆಪಾಠ ಹೇಳಿದ್ದ ವಿಶ್ವಾಸಕ್ಕೆ, "ತಗೊಂಡ್ಹೋಗಿ ಮೇಷ್ಟ್ರೇ, ಇಲ್ಲಿ ಇಲಿ ಮರಿ ಹಾಕ್ತಾ ಅವೆ" ಎಂದು ಕೊಟ್ಟುಬಿಟ್ಟರು. ಮನೆಗೆ ತಂದ ದಿನ ನನ್ನ ಹೆಂಡತಿ ಸರೋಜ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, "ತರಕಾರಿ ಚೀಲ ಎಲ್ಲಿಡೋದು?" ಎಂದಳು. ನಾನು ಇಂಜಿನ್ನಿನ ಬಗ್ಗೆ ಹೇಳಿದೆ.

ಚಕ್ರದ ಚಪಲ ಹುಟ್ಟಿಸಿದವನು ನಾಗರಾಜ, ಸರೋಜಳ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ. ಒಮ್ಮೆ ಬಂದವನು ಕಾರಿನ ಹಿಂದೆ ನಿಂತು, "ಭಾವ, ಮುಂದ್ಗಡೆಯಿಂದ ಹುಲಿ ಕಣ್ರೀ. ಹಿಂದ್ಗಡೆಯಿಂದ ಜ್ವರ ಬಿಟ್ಟ ಕರು" ಎಂದ. ಅವನು ಹೋದ ಮೇಲೆ ನಾನೂ ಹಿಂದೆ ನಿಂತು ನೋಡಿದೆ. ಹಾಳಾದವನು ಹೇಳಿದ್ದು ನಿಜ. ದುಂಡಗಿನ ಮೈ, ಅದರಡಿಯಲ್ಲಿ ಸೈಕಲ್ಲಿನಂಥ ಬಡಕಲು ಚಕ್ರ. ಸರೋಜಳ ಅಣ್ಣನ ಮಗನ ಮದುವೆ ಬೇಲೂರಿನಲ್ಲಿ ನಿಶ್ಚಯವಾಗಿತ್ತು, ನಾಗರಾಜನೂ ಬರುವವನೇ. ಅಷ್ಟರೊಳಗೆ ಹಿಂದಿನ ಆಕ್ಸಲ್ಲಿಗೆ ಅಗಲವಾದ ಚಕ್ರ ಹಾಕಿಸಲೇಬೇಕೆಂದು ತೀರ್ಮಾನಿಸಿದೆ.

ಮೆಕ್ಯಾನಿಕ್ ಬಷೀರಣ್ಣ ಕಾರನ್ನು ಜಾಕ್ ಮೇಲೆ ಎತ್ತಿದರು. ನಾನು ಪಟ್ಟಿ ಹಿಡಿದು ಬಗ್ಗಿ, ಟೈರಿಗೂ ಮಡ್‌ಗಾರ್ಡಿನ ಅಂಚಿಗೂ ನಡುವೆ ಎಷ್ಟು ಜಾಗವಿದೆಯೆಂದು ಅಳೆದೆ. ಧಾರಾಳವಾಗಿತ್ತು.

"ಸಾ, ಜಾಕ್ ಇಳ್ಸಿ ಅಳೀರಿ. ಈಗ ಚಕ್ರ ಜೋತಾಡ್ತಾ ಐತೆ. ಜನ ಕೂತ್ರೆ ಬಾಡಿ ಕೆಳಕ್ಕೆ ಬತ್ತದೆ" ಎಂದರು ಬಷೀರಣ್ಣ.

"ಲೆಕ್ಕ ನನಗೆ ಬಿಡಿ ಬಷೀರಣ್ಣ" ಎಂದೆ.

ಹೊಸ ಚಕ್ರ ಕೂತ ಮೇಲೆ ಒಬ್ಬನೇ ಕೆರೆ ಏರಿಯವರೆಗೆ ಓಡಿಸಿಕೊಂಡು ಹೋಗಿ ಬಂದೆ. ಏನೂ ಆಗಲಿಲ್ಲ. ಬಷೀರಣ್ಣ ಮಾತಾಡದೆ ಕೈ ಒರೆಸಿಕೊಂಡರು. ಆ ಮೌನವನ್ನು ನಾನು ಮೆಚ್ಚುಗೆಯೆಂದು ತಿಳಿದೆ.

ಮದುವೆಯ ದಿನ ಬೆಳಿಗ್ಗೆ ಹೊರಟೆವು. ಸರೋಜ ವರನ ಸೋದರತ್ತೆ. ಮಾಂಗಲ್ಯವನ್ನು ನಮ್ಮೂರಿನ ಅಕ್ಕಸಾಲಿಗರ ಹತ್ತಿರ ಮಾಡಿಸಿದ್ದರಿಂದ ಅದರ ಡಬ್ಬಿ ಅವಳ ಮಡಿಲಲ್ಲೇ ಇತ್ತು. ಹತ್ತೂವರೆಗೆ ಮುಹೂರ್ತ. ಊರು ಬಿಟ್ಟ ಮೊದಲ ಗುಂಡಿಯಲ್ಲೇ ಹಿಂದಿನಿಂದ 'ಕರ್ರ್' ಎಂದಿತು.

"ಏನ್ರೀ ಅದು?"

"ಹೊಸ ಟೈರು. ಪಳಗಬೇಕು."

ಜಾವಗಲ್ ದಾಟುವ ಹೊತ್ತಿಗೆ ಅದು ಪಳಗುವ ಬದಲು ಗುಂಡಿಗುಂಡಿಗೂ ಅರಚತೊಡಗಿತು. ಹಳೇಬೀಡು ಸಮೀಪಿಸುವಾಗ ರಬ್ಬರು ಸುಟ್ಟ ವಾಸನೆ ಬಂತು. ಇಳಿದು ನೋಡಿದರೆ, ಮಡ್‌ಗಾರ್ಡಿನ ಅಂಚು ಹೊಸ ಟೈರನ್ನು ಕೊಬ್ಬರಿ ತುರಿದಂತೆ ತುರಿದಿತ್ತು. ಗಂಟೆ ಒಂಬತ್ತೂವರೆ.

ಹಿಂದಿನಿಂದ ತೆಂಗಿನಕಾಯಿ ಹೇರಿಕೊಂಡು ಬಂದ ಟ್ರ್ಯಾಕ್ಟರೊಂದು ನಿಂತಿತು. ಹುಲಿಕೆರೆಯ ರೈತರೊಬ್ಬರು ಇಳಿದು ಬಂದು ಬಗ್ಗಿ ನೋಡಿದರು.

"ಭಾರ ಜಾಸ್ತಿ ಆಗೈತೆ ಸಾ. ಒಬ್ರು ಕೂತು ನಿಧಾನುಕ್ಕೆ ಹೋದ್ರೆ ಓಗ್ಬೋದು. ಇಬ್ರು ಆಗಾಕಿಲ್ಲ."

ನಾನು ಕೂಡಲೇ, "ಸರೋಜ, ಡಬ್ಬಿ ಕೊಡು. ನಾನು ಮುಂದೆ ಹೋಗಿರ್ತೀನಿ, ನೀನು ಬಸ್ಸಲ್ಲಿ ಬಾ" ಎಂದೆ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸೋದರತ್ತೆ ನೀವಾ?"

ಅವಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೈ ಚಾಚಿದಳು. ಮದುವೆಗೆ ಮುಂಚೆ ಅರೇಹಳ್ಳಿಯ ತವರಿನಲ್ಲಿ ಜೀಪು ಓಡಿಸುತ್ತಿದ್ದವಳು. ಇಷ್ಟು ವರ್ಷವೂ ಆ ಸಂಗತಿಯನ್ನು ನಾನು ತಮಾಷೆಯೆಂದೇ ತಿಳಿದಿದ್ದೆ. ಕೀಲಿ ಕೊಟ್ಟೆ. ನಾನಿಳಿದ ಕಾರು ನಿಟ್ಟುಸಿರು ಬಿಟ್ಟಂತೆ ಮೇಲೆದ್ದು, ಒಂದು ಸದ್ದೂ ಇಲ್ಲದೆ ತಿರುವಿನಲ್ಲಿ ಮರೆಯಾಯಿತು.

"ಅಮ್ಮಾರು ಚೆನ್ನಾಗಿ ಓಡುಸ್ತಾರೆ" ಎಂದರು ರೈತರು. "ಬನ್ನಿ ಸಾ, ನಾನೂ ಬೇಲೂರಿಗೇ ಓಗ್ತಿರೋದು."

ನಾನು ಛತ್ರ ಮುಟ್ಟಿದಾಗ ಮುಹೂರ್ತ ಮುಗಿದು ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಹೊಸ ಜೋಡಿ ಕಾರಿಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿತ್ತು. ನಾಗರಾಜ ಓಡಿ ಬಂದ.

"ಭಾವ, ಈಗ ಕಣ್ರೀ ಕಾರು! ಏನ್ ಲಕ್ಷಣವಾಗಿದೆ ಹಿಂದ್ಗಡೆ! ಅತ್ತಿಗೆ ಬಂದು ನಿಲ್ಲಿಸಿದ್ ನೋಡ್ಬೇಕಿತ್ತು ನೀವು, ಇಡೀ ಛತ್ರ ಹೊರಗೆ ಬಂದ್ಬಿಡ್ತು. ಅಂದ್ಹಾಗೆ, ನೀವು ಯಾವುದ್ರಲ್ಲಿ ಬಂದ್ರಿ?"

ನಾನು ಪಂಚೆಗಂಟಿದ್ದ ತೆಂಗಿನ ನಾರು ಕೊಡವಿಕೊಂಡು ಗಂಭೀರವಾಗಿ ಹೇಳಿದೆ: "ಬೇರೊಂದು ಗಾಡಿಯಲ್ಲಿ. ಅದರ ಹಿಂದಿನ ಚಕ್ರ ಇನ್ನೂ ಅಗಲ ಕಣಯ್ಯ."