ಹದಿನೇಳು ಜಿಬಿಯ ಮೋಸ

"ಈ ಮನೆಯೊಳಗೆ ಒಂದು ಗುಂಡುಸೂಜಿ ಬಂದರೂ ಅಳೆದು ತೂಗಿಯೇ ಬರಬೇಕು! ಇನ್ನು ಎಸ್ಸೆಸ್ಡಿ ಅಂದರೆ ಸುಮ್ಮನೆಯೇ?" ಎಂದು ತಕ್ಕಡಿ ಸಾಹೇಬರು ಘೋಷಿಸಿದಾಗ ಅವರ ಕೈಯಲ್ಲಿ ಟೂತ್‌ಬ್ರಷ್ ಇತ್ತು, ಬಾಯಿತುಂಬ ನೊರೆ ಇತ್ತು. ಆದರೂ ಘೋಷಣೆಯ ಗಾಂಭೀರ್ಯಕ್ಕೆ ಒಂದಿಷ್ಟೂ ಕುಂದು ಬರಲಿಲ್ಲ.

ತಕ್ಕಡಿ ಸಾಹೇಬರು ಎಂಬುದು ಬೀದಿಯವರು ಇಟ್ಟ ಹೆಸರು. ಅವರು ತೂಕ ಮತ್ತು ಅಳತೆ ಕಚೇರಿಯ ಇನ್‌ಸ್ಪೆಕ್ಟರು. ಅಂಗಡಿಗಳಿಗೆ ನುಗ್ಗಿ ತಕ್ಕಡಿಯ ತಳಕ್ಕೆ ಅಂಟಿಸಿದ ಅಯಸ್ಕಾಂತ ಕಿತ್ತು ತೆಗೆಯುವುದು, ಲೀಟರಿನ ಡಬ್ಬದ ತಳ ಒಳಗೆ ಉಬ್ಬಿದೆಯೇ ಎಂದು ಬೆರಳಿಟ್ಟು ನೋಡುವುದು ಅವರ ಕಸುಬು. ಅವರು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ತರಕಾರಿಯವನು ಯಾರೂ ಕೇಳದೆಯೇ ಎರಡು ಟೊಮೆಟೊ ಹೆಚ್ಚಿಗೆ ಹಾಕುತ್ತಿದ್ದ. ಇದನ್ನು ಸಾಹೇಬರು ತಮ್ಮ ಜೀವಮಾನದ ಸಾಧನೆ ಎಂದೇ ತಿಳಿದಿದ್ದರು.

ಅವರ ಶ್ರೀಮತಿಗೆ ಎರಡು ಬೀದಿ ಆಚೆ ಒಂದು ಹೊಲಿಗೆ ಅಂಗಡಿ. ಬಟ್ಟೆ ಕತ್ತರಿಸುವ ನಕ್ಷೆಗಳನ್ನು ಮನೆಯ ಕಂಪ್ಯೂಟರಿನಲ್ಲಿ ಬಿಡಿಸಿ, ಮುದ್ರಿಸಿಕೊಂಡು ಅಂಗಡಿಗೆ ಒಯ್ಯುತ್ತಿದ್ದರು. ಆ ಕಂಪ್ಯೂಟರೋ, ಬೆಳಿಗ್ಗೆ ಗುಂಡಿ ಒತ್ತಿ, ಕಾಫಿ ಕುಡಿದು, ಸ್ನಾನ ಮುಗಿಸಿ, ಪಕ್ಕದ ಮನೆಯಾಕೆಯ ಜೊತೆ ಒಂದು ಸುತ್ತು ಮಾತಾಡಿ ಬಂದರೂ ಇನ್ನೂ "ಸ್ವಾಗತ" ಎನ್ನುತ್ತಲೇ ಇರುತ್ತಿತ್ತು. ಈ ನಡುವೆ ಅವರಿಗೆ ಒಂದು ದೊಡ್ಡ ಕೆಲಸ ಸಿಕ್ಕಿತ್ತು. ತಿಂಗಳ ಕೊನೆಯ ಶನಿವಾರ ನಾಟಕ ಮಂದಿರದ ವೇದಿಕೆ ಹತ್ತಲಿದ್ದ ಗಾಯನ ತಂಡದ ಅಷ್ಟೂ ಮಂದಿಗೆ ಒಂದೇ ಬಣ್ಣದ ಕೋಟು! ಇದನ್ನು ಚೆನ್ನಾಗಿ ಮಾಡಿಕೊಟ್ಟರೆ ನಾಟಕ ಮಂದಿರದವರ ವರ್ಷಪೂರ್ತಿಯ ಹೊಲಿಗೆಯೂ ಅವರಿಗೇ. ಕೆಟ್ಟರೆ ಮತ್ತೆ ಪ್ಯಾಂಟಿನ ಅಂಚು ಮಡಚುತ್ತ ಕೂರಬೇಕು. ಹಾಗಾಗಿ ಕಂಪ್ಯೂಟರಿನ ಹಳೆಯ ಡಿಸ್ಕು ತೆಗೆಸಿ, ಎಸ್ಸೆಸ್ಡಿ ಎಂಬ ಹೊಸ ಬಗೆಯ ವೇಗದ ಡ್ರೈವು ಹಾಕಿಸೋಣ ಎಂದು ಅವರು ಬಾಯಿಬಿಟ್ಟದ್ದೇ ತಡ, ಊಟದ ಮೇಜು ನ್ಯಾಯಾಲಯವಾಯಿತು.

"ಅಗ್ಗದ ಡ್ರೈವಿನ ಗುಣಗಳು ಮೊದಲು," ಎಂದರು ಸಾಹೇಬರು. "ವೇಗ ಜಾಸ್ತಿ. ಒಳಗೆ ತಿರುಗೋ ಚಕ್ರ ಇಲ್ಲ, ಅದಕ್ಕೇ ಸದ್ದಿಲ್ಲ. ಕರೆಂಟೂ ಕಮ್ಮಿ ತಿನ್ನುತ್ತೆ."

"ಸರಿ, ತಂದ್ಬಿಡಿ."

"ತಾಳು! ದೋಷಗಳಿವೆ. ಅಗ್ಗದ್ದಕ್ಕೆ ಆಯಸ್ಸು ಕಮ್ಮಿಯಂತೆ. ದೊಡ್ಡ ಫೈಲು ಹಾಕಿದ್ರೆ ಅರ್ಧ ದಾರೀಲೇ ಏದುಸಿರು ಬಿಡುತ್ತಂತೆ."

"ನೀವೂ ಮೆಟ್ಟಿಲು ಹತ್ತೋವಾಗ ಬಿಡ್ತೀರಿ. ನಾನು ಇಟ್ಕೊಂಡಿಲ್ವಾ?"

"ಮುಖ್ಯವಾದ್ದು ಕೇಳು! ಒಂದೇ ಒಂದು ಮುನ್ಸೂಚನೆ ಇಲ್ದೆ ಸತ್ತುಹೋಗುತ್ತಂತೆ!"

"ಈಗಿರೋದು ಎರಡು ವರ್ಷದಿಂದ ಕಟಕಟ ಅಂತ ಮುನ್ಸೂಚನೆ ಕೊಡ್ತಾನೇ ಇದೆ. ನೀವು ಕೇಳಿಸ್ಕೊಂಡ್ರಾ?"

ವಾದ ವಾರಗಟ್ಟಲೆ ನಡೆಯಿತು. ದುಬಾರಿಯದಕ್ಕೆ ಸ್ವಂತ ಮೆಮೊರಿ ಇದೆ, ಅಗ್ಗದ್ದಕ್ಕಿಲ್ಲ. ಆದರೆ ಕೋಟಿನ ನಕ್ಷೆ ಬಿಡಿಸಲು ಅಷ್ಟೆಲ್ಲ ಬೇಕೇ? ಬೇಡ. ಬೇಡವೆಂದ ಮೇಲೂ ಬೇಕಾದರೆ? ಸಾಹೇಬರು ನಿದ್ದೆಯಲ್ಲಿ ಕೂಡ "ವಾರಂಟಿ, ವಾರಂಟಿ" ಎಂದು ಗೊಣಗತೊಡಗಿದರು. ಕೊನೆಗೆ ಶ್ರೀಮತಿ ತೀರ್ಪು ಕೊಟ್ಟರು. "ನಾಳೆ ಡ್ರೈವು ಬರ್ದಿದ್ರೆ ನಿಮ್ಮನ್ನೇ ತೂಕಕ್ಕೆ ಹಾಕ್ತೀನಿ, ಹಳೇ ಕಬ್ಬಿಣದ ಅಂಗಡೀಲಿ!"

ಮರುದಿನವೇ ಡ್ರೈವು ಬಂತು. ಇನ್ನೂರ ನಲವತ್ತು ಜಿಬಿ, ಅಂಗಡಿಯಲ್ಲಿದ್ದುದರಲ್ಲೇ ಅಗ್ಗದ್ದು. ಕಂಚಿನ ಕಂಠದ ಆ ಅಂಗಡಿಯವನು ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ತುಂಬಿ, ಜೋಡಿಸಿಕೊಟ್ಟ. "ಹಳೇದು ನಮ್ಮಲ್ಲೇ ಬಿಟ್ರೆ ಸ್ವಲ್ಪ ಕಡಿಮೆ ಮಾಡ್ಕೊಳ್ತೀನಿ ಸಾರ್," ಎಂದ. "ಹಳೇದು ಮನೇಲೇ ಇರ್ಲಿ ರೀ, ಕಷ್ಟಕಾಲಕ್ಕೆ ಆಗುತ್ತೆ" ಎಂದು ಶ್ರೀಮತಿ ಬೆಳಿಗ್ಗೆಯೇ ಹೇಳಿ ಕಳಿಸಿದ್ದರು. ಆದರೆ ರಿಯಾಯಿತಿ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಹೇಬರಿಗೆ ಹಿಂದಿನದೆಲ್ಲ ಮರೆತುಹೋಗುತ್ತದೆ. ಹಳೆಯದನ್ನು ಅಲ್ಲೇ ಬಿಟ್ಟು ಬಂದರು.

ಮನೆಯಲ್ಲಿ ಗುಂಡಿ ಒತ್ತಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಕಂಪ್ಯೂಟರು ತಯಾರಾಗಿ ಕೂತಿತ್ತು! ಶ್ರೀಮತಿಯ ಮುಖ ಅರಳಿತು. "ನೀವು ತೂಗಿ ನೋಡಿದ್ದು ಇದೊಂದು ಸಲ ಸಾರ್ಥಕ ಆಯ್ತು ರೀ. ನಾಳೆ ನಕ್ಷೆಗಳನ್ನೆಲ್ಲ ಪ್ರಿಂಟ್ ಹಾಕ್ಬಿಡ್ತೀನಿ."

ಇಂಥ ಮೆಚ್ಚುಗೆ ಸಿಕ್ಕ ಗಂಡಸು ಸುಮ್ಮನೆ ಹೋಗಿ ಮಲಗಬೇಕು. ಸಾಹೇಬರು ಮಲಗಲಿಲ್ಲ. ಹೊಸ ಡ್ರೈವಿನ ವೈಭವವನ್ನು ಕಣ್ತುಂಬಿಕೊಳ್ಳಲು ಅದರ ಗಾತ್ರ ತೆರೆದು ನೋಡಿದರು. ತೆರೆಯ ಮೇಲೆ ಇನ್ನೂರ ಇಪ್ಪತ್ತಮೂರು ಎಂದಿತ್ತು. ಕನ್ನಡಕ ಒರೆಸಿಕೊಂಡು ನೋಡಿದರು. ಇನ್ನೂರ ಇಪ್ಪತ್ತಮೂರೇ! ಹದಿನೇಳು ಜಿಬಿ ಮಾಯ!

"ತೂಕದಲ್ಲಿ ಮೋಸ! ಅದೂ ನನಗೇ!" ಸಾಹೇಬರ ಮೈಯೆಲ್ಲ ಉರಿದುಹೋಯಿತು.

ಮಾರನೆಯ ಬೆಳಿಗ್ಗೆ ಶ್ರೀಮತಿ ಕೋಟಿನ ಗುಂಡಿ ತರಲು ಪೇಟೆಗೆ ಹೋದದ್ದೇ ತಡ, ಸಾಹೇಬರು ಸ್ಕ್ರೂಡ್ರೈವರ್ ಹಿಡಿದು ಡ್ರೈವನ್ನು ಕಿತ್ತರು. ನೇರ ಅಂಗಡಿಗೆ ದಾಳಿ!

"ಸಾರ್, ಅದು ಎಣಿಸೋ ರೀತಿ..." ಎಂದು ಅಂಗಡಿಯವನು ಬಾಯಿ ತೆರೆದ.

"ಎಣಿಕೆ ನನಗೇ ಹೇಳ್ಕೊಡ್ತೀರಾ? ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ!"

ಡ್ರೈವು ಬಟ್ಟೆಯ ಚೀಲ ಸೇರಿತು. ಚೀಲದ ಬಾಯಿಗೆ ದಾರ ಬಿತ್ತು, ದಾರದ ಗಂಟಿಗೆ ಬಿಸಿ ಅರಗು ಬಿತ್ತು, ಅರಗಿನ ಮೇಲೆ ಸರಕಾರಿ ಮುದ್ರೆ ಬಿತ್ತು. ಸಾಹೇಬರು ಅದನ್ನು ಮೆರವಣಿಗೆಯಲ್ಲಿ ಒಯ್ಯುವ ಠೀವಿಯಿಂದ ಕಚೇರಿಗೆ ಒಯ್ದು, ಜಪ್ತಿ ಮಾಲಿನ ಕಬ್ಬಿಣದ ಬೀರುವಿನೊಳಗಿಟ್ಟು ಬಾಗಿಲು ಎಳೆದರು. ಆ ಬಾಗಿಲು ಎಳೆದರೆ ತಾನೇ ಬೀಗ ಬೀಳುತ್ತದೆ. ತೆರೆಯುವ ಕೀಲಿ ಮೇಲಧಿಕಾರಿ ಮೇಡಂ ಒಬ್ಬರ ಹತ್ತಿರ. ಮೇಡಂ ಪ್ರವಾಸದಲ್ಲಿದ್ದರು, ಬರುವುದು ಶುಕ್ರವಾರ, ಗಾಯನದ ಹಿಂದಿನ ದಿನ.

ಅಷ್ಟರಲ್ಲಿ ಫೋನು. "ರೀ, ಕಂಪ್ಯೂಟರು ಏಳ್ತಾನೇ ಇಲ್ಲ. ಏನಾಯ್ತು?"

"ಏಳಲ್ಲ! ಸಾಕ್ಷ್ಯ ನನ್ನ ವಶದಲ್ಲಿದೆ!"

"ಯಾವ ಸಾಕ್ಷ್ಯ?"

"ಡ್ರೈವು! ಅರಗು ಹಾಕಿ ಮುದ್ರೆ ಒತ್ತಿದೀನಿ. ಇನ್ನು ಬ್ರಹ್ಮ ಬಂದ್ರೂ ಬಿಚ್ಚೋಹಾಗಿಲ್ಲ!"

ಆ ಕಡೆಯಿಂದ ತೀರ ಮೆಲ್ಲಗೆ ಒಂದು ಮಾತು ಬಂತು. "ಅದರೊಳಗೆ ನನ್ನ ಕೋಟುಗಳಿದ್ವಲ್ಲ ರೀ."

ಸಾಹೇಬರು ಬೀರುವಿನ ಹಿಡಿ ಹಿಡಿದು ಜಗ್ಗಿದರು, ಅದು ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ. ಹಳೆಯ ಡಿಸ್ಕು ನೆನಪಾಯಿತು. ಅದು ಅಂಗಡಿಯವನ ಹತ್ತಿರ! ಬೆಳಿಗ್ಗೆ ಹತ್ತು ಜನರೆದುರು ಕಳ್ಳ ಎಂದು ಕೂಗಾಡಿ ಬಂದು, ಈಗ ಆರೋಪಿಯ ಮುಂದೆಯೇ ಕೈಚಾಚುವುದೇ? ಇಷ್ಟು ಹೊತ್ತಿಗೆ ಅವನು ಅದನ್ನು ಅಳಿಸಿ ಇನ್ಯಾರಿಗೋ ಮಾರಿರುತ್ತಾನೆ ಎಂದು ಅವರೇ ತೀರ್ಮಾನಿಸಿಕೊಂಡರು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಲ್ಲಿ ಬಂದೀತೇ?

ಮನೆಗೆ ಹೋದರೆ ಶ್ರೀಮತಿ ಬೈಯಲಿಲ್ಲ. ಅದೇ ಭಯ! ಬೈದಿದ್ದರೆ ಒಂದಕ್ಕೆರಡು ಎದುರು ಮಾತಾಡಿ ಹಗುರಾಗಬಹುದಿತ್ತು. ಅವರು ಉಂಡು, ಪುಸ್ತಕ ಹಿಡಿದು, ಗೋಡೆಯ ಕಡೆ ತಿರುಗಿ ಮಲಗಿದರು. ಸಾಹೇಬರಿಗೆ ಕುಂತಲ್ಲಿ ಕೂರಲಾಗಲಿಲ್ಲ. ಸಿಂಕಿನಲ್ಲಿ ರಾಶಿ ಬಿದ್ದಿದ್ದ ಪಾತ್ರೆ ತೊಳೆದರು. ಮರುದಿನ ಬಟ್ಟೆ ಒಗೆದು ಒಣಹಾಕಿದರು. ಅದರ ಮರುದಿನ ಫ್ಯಾನಿನ ರೆಕ್ಕೆಗಳನ್ನು ಒರೆಸಿದರು. ಮದುವೆಯಾದಂದಿನಿಂದ ಆ ಫ್ಯಾನು ಅವರ ಕೈ ಕಂಡಿರಲಿಲ್ಲ. ಕಾಫಿ ಮಾಡಿ ತಂದು ಮಂಚದ ಪಕ್ಕ ಇಟ್ಟು, "ಸಕ್ಕರೆ ಸರಿಯಾಗಿದ್ಯಾ?" ಎಂದು ಬೆಕ್ಕಿನ ದನಿಯಲ್ಲಿ ಕೇಳಿದರು. ಶ್ರೀಮತಿ "ಹೂಂ" ಎಂದು ಬೆಳಿಗ್ಗೆಯೇ ಅಂಗಡಿಗೆ ಹೋಗಿಬಿಡುತ್ತಿದ್ದರು. ನಕ್ಷೆಯಿಲ್ಲದೆ ಅಲ್ಲಿ ಪಾಪ ಏನು ಮಾಡುತ್ತಾಳೋ, ಬರಿಗೈಯಲ್ಲಿ ಕೂತು ಅಳುತ್ತಾಳೋ ಎಂದು ಸಾಹೇಬರು ಪೇಚಾಡುತ್ತಿದ್ದರು. ಆ ಬೀದಿಯ ಕಡೆ ತಲೆ ಹಾಕಲೂ ಧೈರ್ಯ ಬರಲಿಲ್ಲ.

ಶುಕ್ರವಾರ ಮೇಡಂ ಬಂದು ಕುರ್ಚಿಯಲ್ಲಿ ಕೂರುವ ಮೊದಲೇ ಸಾಹೇಬರು ಎದುರಿಗೆ ನಿಂತಿದ್ದರು. ಹದಿನೇಳು ಜಿಬಿಯ ಮಹಾಮೋಸವನ್ನು ಆದ್ಯಂತ ವಿವರಿಸಿದರು. ಮೇಡಂ ಹಣೆ ಚಚ್ಚಿಕೊಂಡರು.

"ಅಲ್ರೀ, ಡ್ರೈವು ಮಾಡೋ ಕಂಪನಿಯವರು ಸಾವಿರಕ್ಕೊಂದು ಅಂತ ಎಣಿಸ್ತಾರೆ. ಕಂಪ್ಯೂಟರು ಸಾವಿರದ ಇಪ್ಪತ್ನಾಲ್ಕಕ್ಕೊಂದು ಅಂತ ಎಣಿಸುತ್ತೆ. ಸರಕು ಅಷ್ಟೇ ಇದೆ, ಸೇರು ಬೇರೆ! ಲೋಕದಲ್ಲಿರೋ ಅಷ್ಟೂ ಡ್ರೈವುಗಳು ಹಾಗೇ ಕಾಣಿಸೋದು. ಎಲ್ಲಾನೂ ಜಪ್ತಿ ಮಾಡ್ಕೊಂಡು ಬರ್ತೀರಾ? ಬೀರು ಚಿಕ್ಕದಾಗುತ್ತೆ!"

ಪಕ್ಕದ ಮೇಜಿನವರೆಲ್ಲ ಫೈಲಿನಲ್ಲಿ ಮುಖ ಹುದುಗಿಸಿ ಕೆಮ್ಮಿದರು. ಮೇಡಂ ಕೈಯಾರೆ ಅರಗು ಒಡೆದು ಡ್ರೈವನ್ನು ಕೊಟ್ಟು, "ಮೊದ್ಲು ಹೋಗಿ ಆ ಅಂಗಡಿಯವರ ಹತ್ರ ಕ್ಷಮೆ ಕೇಳಿ" ಎಂದು ಆಜ್ಞಾಪಿಸಿದರು.

ಕ್ಷಮೆ ಆಮೇಲೆ, ಮೊದಲು ಹೆಂಡತಿ! ಸಾಹೇಬರು ಡ್ರೈವನ್ನು ಎದೆಗವಚಿಕೊಂಡು ಹೊಲಿಗೆ ಅಂಗಡಿಗೆ ಓಡಿದರು. ರಾತ್ರಿಯಿಡೀ ತಾವೇ ಕೂತು ಗುಂಡಿ ಹೊಲಿದುಕೊಡುವುದೆಂದು ದಾರಿಯಲ್ಲೇ ಶಪಥ ಮಾಡಿದರು. ಬಾಗಿಲು ತಳ್ಳಿ ಒಳಗೆ ಕಾಲಿಟ್ಟವರು ಅಲ್ಲೇ ಕಂಬವಾದರು. ಗೋಡೆಯುದ್ದಕ್ಕೂ ಕೋಟುಗಳು ಸಾಲಾಗಿ ತೂಗುತ್ತಿದ್ದವು. ಇಸ್ತ್ರಿಯೂ ಮುಗಿದಿತ್ತು. ನಡುವೆ ಕನ್ನಡಿಯ ಮುಂದೆ ಕೈ ಚಾಚಿಕೊಂಡು ನಿಂತಿದ್ದವನು, ಅನುಮಾನವೇ ಇಲ್ಲ, ಅದೇ ಕಂಚಿನ ಕಂಠದ ಕಂಪ್ಯೂಟರ್ ಅಂಗಡಿಯವನು! ಶ್ರೀಮತಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವನ ತೋಳು ಸರಿಪಡಿಸುತ್ತಿದ್ದರು.

"ನೀವು... ಇಲ್ಲಿ?"

"ನಾನು ಆ ಗಾಯನ ತಂಡದಲ್ಲೇ ಇದೀನಿ ಸಾರ್. ನೀವು ಮುದ್ರೆ ಹಾಕ್ಕೊಂಡು ಹೋದ್ಮೇಲೆ ಹೊಳೀತು, ನನ್ನ ಕೋಟೂ ಅದರೊಳಗೇ ಇದ್ಯಲ್ಲ ಅಂತ! ಹಳೇ ಡಿಸ್ಕು ಇನ್ನೂ ಅಳಿಸಿರ್ಲಿಲ್ಲ. ಅವತ್ತೇ ಮಧ್ಯಾಹ್ನ ಅದರಿಂದ ನಕ್ಷೆಗಳನ್ನೆಲ್ಲ ಪ್ರಿಂಟ್ ಹಾಕಿ ತಂದು ನಿಮ್ಮ ಮನೆಯವರಿಗೆ ಕೊಟ್ಬಿಟ್ಟೆ."

ಸಾಹೇಬರು ತಲೆತಗ್ಗಿಸಿ, ಹೆಂಡತಿಯ ಎದುರಿಗೇ, ತೋಳಿಗೆ ಗುಂಡುಸೂಜಿ ಚುಚ್ಚಿದ ಕೋಟು ತೊಟ್ಟ ಆರೋಪಿಗೆ ಕೈಮುಗಿದು ಕ್ಷಮೆ ಕೇಳಿದರು. ಅವನು ನಕ್ಕು ಕೈ ಕುಲುಕಿದ. ಆಮೇಲೆ ಸಾಹೇಬರು ಹೆಂಡತಿಯ ಕಡೆ ತಿರುಗಿದರು. ಕಣ್ಣು ಒದ್ದೆಯಾಗಿತ್ತು.

"ಅವತ್ತೇ ಸಿಕ್ಕಿತ್ತಾ? ಇಷ್ಟು ದಿನ ನಾನು ಒಳಗೊಳಗೇ ಬೆಂದುಹೋದೆ. ಒಂದು ಮಾತು ಹೇಳೋಕಾಗ್ತಿರ್ಲಿಲ್ವಾ?"

ಶ್ರೀಮತಿ ಬಾಯಲ್ಲಿದ್ದ ಗುಂಡುಸೂಜಿಗಳನ್ನು ನಿಧಾನಕ್ಕೆ ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದರು.

"ಹೇಳೋಣ ಅಂತ ಮಾತು ತುಟಿವರೆಗೂ ಬಂದಿತ್ತು ರೀ. ಅಷ್ಟರಲ್ಲಿ ನೀವು ಪಾತ್ರೆ ತೊಳೆಯೋಕೆ ಶುರು ಮಾಡಿದ್ರಿ!"