ಕಾಲುಬೆರಳಿಗೆ ಕಟ್ಟಿದ ಗಾಳ

ಕಾರ್ತಿಕದ ಆ ಸೋಮವಾರ ಬೆಳಗ್ಗೆ ಗೋಪಾಲಸ್ವಾಮಿ ಬೆಟ್ಟ ಇದ್ದ ಜಾಗದಲ್ಲಿ ಬೆಟ್ಟವೇ ಇರಲಿಲ್ಲ. ಮೋಡ ಊರಿನ ಹೆಂಚಿನವರೆಗೂ ಇಳಿದು, ಯಾರೋ ಮೇಲೆ ಕೂತು ಹಿಟ್ಟು ಜರಡಿ ಹಿಡಿದಂತೆ ಸಣ್ಣ ಹನಿ ಉದುರುತ್ತಿತ್ತು. ಇಂಥ ದಿನ ಹೊಲಕ್ಕೆ ಹೋಗುವವರಿಗೆ ಬೇಸರ, ಕೊರವ ಮೀನಿಗೆ ಹಬ್ಬ. ಬಿಸಿಲಿನಲ್ಲಿ ತಳ ಹಿಡಿದು ಮಲಗುವ ಅದು ಮಬ್ಬು ಕವಿದರೆ ದಡದ ಜೊಂಡಿನವರೆಗೂ ಬೇಟೆಗೆ ಬರುತ್ತದೆ.

ಮರಿಯಪ್ಪನಿಗೆ ಕೊರವ ಅಂದೇ ಬೇಕಿತ್ತು. ಸಂಜೆಗೆ ಹರವೆಯಿಂದ ಮಾವ ನಂಜುಂಡಪ್ಪ ಬರುವವನಿದ್ದ. ಹಿಂದಿನ ಸಲ ಬಂದಾಗ ಮರಿಯಪ್ಪ ತಮ್ಮೂರ ಕೆರೆಯ ತೊಡೆಗಾತ್ರದ ಕೊರವಗಳನ್ನು ಹೊತ್ತು ಮುಳುಗುವವರೆಗೂ ವರ್ಣಿಸಿ, ಕೊನೆಗೆ ಹುರುಳಿ ಸಾರು ಬಡಿಸಿದ್ದ. ಮಾವ ಅದನ್ನೇ ಉಂಡು, ಮರುದಿನ ಬಸ್ಸು ಹತ್ತುವಾಗ ಒಂದೇ ಮಾತು ಹೇಳಿದ: “ಅಳಿಯಂದ್ರೆ, ನಿಮ್ಮೂರ ಮೀನು ಬಾಯ್ಮಾತ್ನಾಗೇ ಬೋ ರುಚಿ ಕಣ.”

ಅಂದಿನಿಂದ ಹೆಂಡತಿ ಮಹಾಲಕ್ಷ್ಮಮ್ಮನಿಗೆ ತಲೆ ಎತ್ತುವಂತಿರಲಿಲ್ಲ. “ಈ ಸಲಾನೂ ನಮ್ಮಪ್ಪಂಗೆ ಮಾತೇ ಬಡ್ಸೋದಾದ್ರೆ, ನಾನೂ ಅವ್ನ ಜೊತೆ ಬಸ್ ಅತ್ಬುಡ್ತೀನಿ” ಎಂದಿದ್ದಳು. ಹೇಳಿದ್ದನ್ನು ಮಾಡುವ ಹೆಂಗಸು ಅವಳು.

ಕೆರೆಯ ತೂಬು ಕಾಯುವ ನೀರುಗಂಟಿ ನಾಗಯ್ಯ ತನ್ನ ಗಾಳವನ್ನು ಎರವಲು ಕೊಟ್ಟ. “ನಮ್ಮಪ್ಪನ ಕಾಲದ್ದು. ದೀಪ ಅಚ್ಚೋ ಒತ್ತಿಗೆ ವಾಪಸ್ ಬರ್ಬೇಕು. ಜೊಂಡಿನ ಮಗ್ಗುಲಾಗೆ ಕೂತ್ಕ. ಕಪ್ಪೆಮರಿ ಸಿಗ್ಸು. ನೆಳ್ಳು ನೀರ್ಗೆ ಬೀಳ್ಬಾರ್ದು. ಇವೆಲ್ಲ ಯಾರಾದ್ರೂ ಮಾಡ್ತಾರೆ. ನಿಂಗೆ ಕಷ್ಟ ಇರೋದು ಬಾಯಿ ಒಂದೇಯ. ತುಟಿ ಬಿಚ್ಚುದ್ರೆ ಕೊರವ ಓಡೋಯ್ತದೆ. ಮನಸ್ನಾಗೂ ಮಾತಾಡ್ಬ್ಯಾಡ. ಮೀನು ಬೇಕು, ಮೀನು ಬೇಕು ಅಂತ ಮನಸ್ಸು ಕುಣುದ್ರೆ ಆ ಕುಣಿತ ದಾರದಾಗೆ ಇಳ್ದು ಅದ್ಕೆ ಗೊತ್ತಾಗ್ಬುಡ್ತದೆ. ಸುಮ್ಕೆ ಶಿವನ ನೆನೀತಾ ಇರು.”

ಮಾತು ಬಿಡುವುದು ಮರಿಯಪ್ಪನಿಗೆ ಉಸಿರು ಬಿಟ್ಟಂತೆ. ಗುಂಡ್ಲುಪೇಟೆಗೆ ಹೋಗಿ ಮೊದಲ ಸಲ ವೋಟು ಹಾಕಿ ಬಂದದ್ದನ್ನು ಎರಡು ವರ್ಷವಾದರೂ ಇನ್ನೂ ಹೇಳಿ ಮುಗಿಸಿರಲಿಲ್ಲ. ಅವನು ಬರುವುದು ಕಂಡರೆ ಎತ್ತುಗಳೂ ದಾರಿ ಬದಲಿಸುತ್ತಿದ್ದವು.

ಇನ್ನೊಂದು ತೊಡಕಿತ್ತು. ಕಾರ್ತಿಕ ಸೋಮವಾರ ಕೆರೆಗೆ ಗಾಳ ಹಾಕಬಾರದೆಂಬುದು ಊರ ಕಟ್ಟು. ಆದ್ದರಿಂದ ಅವನು ಬಿದಿರು ಕೋಲನ್ನು ಮನೆಯಲ್ಲೇ ಬಿಟ್ಟು, ದಾರದ ತುದಿಯನ್ನು ಬಲಗಾಲಿನ ಹೆಬ್ಬೆರಳಿಗೆ ಕಟ್ಟಿ, ದಡದ ಕಲ್ಲಿನ ಮೇಲೆ ಕೂತು ಆ ಕಾಲನ್ನು ನೀರಿಗೆ ಇಳಿಬಿಟ್ಟ. ಬೆಂಡು ಜೊಂಡಿನ ಮರೆಯಲ್ಲಿ ತೇಲಿತು. ಮಾಡಲಿರುವ ತಪ್ಪಿಗೆ ಮೊದಲೇ ಕ್ಷಮೆ ಇರಲೆಂದು ತಲೆಗೆ ಮಿಂದು ಹಣೆ ತುಂಬ ವಿಭೂತಿಯನ್ನೂ ಬಳಿದುಕೊಂಡಿದ್ದ.

ಮೊದಲು ಬಂದವನು ಮೇಲಿನ ಬೀದಿಯ ಜಮೀನ್ದಾರ ಸಿದ್ದಮಲ್ಲಪ್ಪ, ಲಿಂಗಪೂಜೆಗೆ ನೀರು ಒಯ್ಯಲು.

“ಏನ್ಲಾ ಮರಿಯಪ್ಪ, ಈ ಜಡೀಲಿ ಕೂತಿದ್ದೀಯೆ?”

ಮರಿಯಪ್ಪ ನೀರನ್ನೇ ನೋಡಿದ.

“ಮನೇಲಿ ಜಗಳವಾ?”

ಸಿದ್ದಮಲ್ಲಪ್ಪ ಸ್ವಲ್ಪ ಯೋಚಿಸಿ, ಊರಿನಲ್ಲಿ ಯಾರೂ ಕೇಳಬಾರದ ಮಾತನ್ನು ಕೇಳಿಬಿಟ್ಟ: “ಆ ವೋಟಾಕಿದ್ ಕತೆ ವಸಿ ಯೋಳ್ಲಾ.”

ಕತೆ ಮರಿಯಪ್ಪನ ನಾಲಿಗೆಯ ತುದಿಗೆ ಬಂದು, ಕಟ್ಟಿಹಾಕಿದ ಕರುವಿನಂತೆ ಜಗ್ಗಾಡಿತು. ಅವನು ನುಂಗಿದ. ಕಣ್ಣಲ್ಲಿ ನೀರು ಬಂತು.

ಸಿದ್ದಮಲ್ಲಪ್ಪ ಬಿಂದಿಗೆ ಕೆಳಗಿಟ್ಟು ಕೈ ಮುಗಿದ. “ಶಿವಶಿವಾ. ಈ ಬಾಯಿ ಕಟ್ಟೋದು ಮನುಷ್ಯರ ಕೈಲಾಗೋ ಕೆಲ್ಸ ಅಲ್ಲ.”

ಸುದ್ದಿ ಊರಿಗೆ ಹೋಯಿತು, ಊರು ಕೆರೆಗೆ ಬಂತು. ಮುದುಕಿ ಚಿಕ್ಕಮಲ್ಲಮ್ಮ ಬಗ್ಗಿ ನೋಡಿ, “ಒಂದು ಕಾಲ ಗಂಗಮ್ಮನ ಮಡ್ಲಿಗೇ ಬುಟ್ಬುಟ್ಟವ್ನಲ್ಲವ್ವಾ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಮೀನು ತಿನ್ನೋನ್ಗೆ ಎಂತಾ ತಪಸ್ಸು?” ಎಂದು ಹಿಂದಿನಿಂದ ಯಾರೋ ಗೊಣಗಿದರು.

“ಶರಣ್ರ ಕುಲ ಕೇಳ್ಬ್ಯಾಡ, ಊಟ ಕೇಳ್ಬ್ಯಾಡ” ಎಂದ ಸಿದ್ದಮಲ್ಲಪ್ಪ.

ಕೊರಳಿಗೆ ಕಣಗಲೆ ಮಾಲೆ ಬಿತ್ತು. ಎಮ್ಮೆ ಕಳೆದುಕೊಂಡವನೊಬ್ಬ ಬಂದು ಯಾವ ದಿಕ್ಕಿಗೆ ಹುಡುಕಲಿ ಎಂದ. ಅಷ್ಟರಲ್ಲಿ ಮರಿಯಪ್ಪನ ಮೂಗಿನ ಮೇಲೆ ಸೊಳ್ಳೆ ಕೂತಿತು, ಅವನು ಮೂಡಲಿಗೆ ತಲೆ ಕೊಡವಿದ. ಎಮ್ಮೆ ಮೂಡಲ ತೋಪಿನಲ್ಲೇ ಸಿಕ್ಕಿತು. ಅಲ್ಲಿಗೆ ಅನುಮಾನದವರ ಬಾಯಿಯೂ ಮುಚ್ಚಿತು. ಎದ್ದು ಹೋಗೋಣವೆಂದರೆ ಬೆರಳಿನ ದಾರ ಕಾಣುತ್ತದೆ, ಕೂತರೆ ಪಾದಕ್ಕೆ ಹಣೆ ಮುಟ್ಟಿಸುತ್ತಾರೆ. ಸದ್ಯ, ಅವರು ಮುಟ್ಟುತ್ತಿದ್ದದ್ದು ಎಡಗಾಲನ್ನು. ಈ ಗಲಾಟೆಯಲ್ಲಿ ಅವನು ಮೀನನ್ನೇ ಮರೆತು, ನಿಜವಾಗಿಯೂ ಶಿವನನ್ನು ಕೂಗಿಕೊಂಡ.

ನಾಗಯ್ಯ ಹೇಳಿದ್ದು ಸುಳ್ಳಾಗಲಿಲ್ಲ. ಮನಸ್ಸಿನಿಂದ ಮೀನು ಹೋಯಿತು, ಗಾಳಕ್ಕೆ ಮೀನು ಬಂತು.

ಮಂಗಳಾರತಿ ಎತ್ತಿ ಜಾಗಟೆ ಬಾರಿಸುವಾಗಲೇ ಹೆಬ್ಬೆರಳು ನಡುಗಿತು. ಆಮೇಲೆ ಮೊಣಕಾಲು, ಆಮೇಲೆ ಮರಿಯಪ್ಪ ಇಡಿಯಾಗಿ.

“ಮೈಮ್ಯಾಲೆ ಬತ್ತು” ಎಂದಳು ಚಿಕ್ಕಮಲ್ಲಮ್ಮ. ಜಾಗಟೆ ಜೋರಾಯಿತು. ಮರಿಯಪ್ಪ ಕಲ್ಲು ತಬ್ಬಿದ, ಕಲ್ಲಿಗೆ ಪಾಚಿ ಹಿಡಿದಿತ್ತು. ಎಲ್ಲರೂ ನೋಡುತ್ತಿದ್ದಂತೆ ಅವನು ಮಾಲೆಯ ಸಮೇತ, ಕಾಲು ಮುಂದಾಗಿ ಕೆರೆಯೊಳಕ್ಕೆ ಜಾರಿಹೋದ.

ನೀರೊಳಗೆ ದಾರ ಬೆರಳಿನ ಸಿಪ್ಪೆ ಸುಲಿದುಕೊಂಡು ಕಳಚಿತು. ಮೀನು ಹೋಯಿತು, ನಾಗಯ್ಯನ ಗಾಳ ಹೋಯಿತು, ಬಹುಶಃ ಹೆಂಡತಿಯೂ ಹೋದಂತೆ. ಕೆಸರಿನಿಂದೆದ್ದ ಮರಿಯಪ್ಪ ಅಂದಿನ ಮೊದಲ ಮಾತಾಡಿದ:

“ಓಯ್ತು. ಎಲ್ಲಾ ಓಯ್ತು.”

ಸಿದ್ದಮಲ್ಲಪ್ಪ ಜನರ ಕಡೆ ತಿರುಗಿದ. “ಕೇಳುದ್ರೇನ್ರಲಾ? ಆಸೆ, ಮೋಹ, ಎಲ್ಲಾ ಓಯ್ತಂತೆ.”

ಮೆರವಣಿಗೆಯಲ್ಲಿ ಹೊತ್ತುತಂದು ಅವನ ಮನೆಯ ಜಗಲಿಯ ಮೇಲೆ ಮಣೆ ಹಾಕಿ ಕೂರಿಸಿದರು. ಮುಂದೆ ಹಾಲು, ರಸಬಾಳೆ. “ಇವತ್ತಿಂದ ಈ ಮನೆ ಯಜಮಾನಂಗೆ ಮೀನು, ಬಾಡು ಮುಟ್ಸಂಗಿಲ್ಲ” ಎಂದು ಸಿದ್ದಮಲ್ಲಪ್ಪ ಸಾರಿದ. ಬಾಗಿಲಲ್ಲಿ ನಿಂತಿದ್ದ ಮಹಾಲಕ್ಷ್ಮಮ್ಮ ಗಂಡನನ್ನು ಬೀಸುಕಲ್ಲಿಗೆ ಹಾಕುವ ರಾಗಿಯನ್ನು ನೋಡುವಂತೆ ನೋಡಿ ಒಳಗೆ ಹೋದಳು. ಕಂಬಕ್ಕೊರಗಿದ ನಾಗಯ್ಯ ಒಮ್ಮೆ ತನ್ನ ಬರಿಗೈ ನೋಡಿಕೊಂಡ, ಒಮ್ಮೆ ಮುಳುಗುವ ಹೊತ್ತನ್ನು.

ಸ್ವಲ್ಪ ಹೊತ್ತಿಗೆ ಹಿತ್ತಿಲಿನಿಂದ ಒಂದು ಕಂಪು ಬಂತು. ಕೊತ್ತಂಬರಿ, ಮೆಣಸು, ಹುಣಿಸೆಹುಳಿ, ಅವುಗಳ ಕೆಳಗೆ ಇನ್ನೊಂದು. ಮರಿಯಪ್ಪನ ಬಾಯಲ್ಲಿದ್ದ ಬಾಳೆಹಣ್ಣು ಅಲ್ಲೇ ನಿಂತಿತು.

ಸಿದ್ದಮಲ್ಲಪ್ಪ ಮೂಗರಳಿಸಿದ. “ಏನವ್ವಾ ಅದು?”

“ಉರ್ಳಿ ಸಾರು ಕಣ್ರಪ್ಪ. ನಮ್ಮಪ್ಪ ಇತ್ತಿಲ ಬಾಗ್ಲಿಂದ ಬಂದವ್ನೆ” ಎಂದು ಮಹಾಲಕ್ಷ್ಮಮ್ಮ ಇಣುಕಿದಳು. ಅವಳ ಮುಖ ಬೆಳಗಿದ ತಂಬಿಗೆಯಂತೆ ಹೊಳೆಯುತ್ತಿತ್ತು. “ನಾಗಯ್ಯಣ್ಣ, ವಸಿ ಸೌದೆ ಸೀಳ್ಕೊಡು ಬಾ.”

ನಾಗಯ್ಯ ಹೋದ. ಸೌದೆ ಸೀಳುವ ಸದ್ದೇನೂ ಕೇಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ನಂಜುಂಡಪ್ಪ ಮೀಸೆ ಒರೆಸಿಕೊಳ್ಳುತ್ತ ಬಂದು, ಭಕ್ತರ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಅಳಿಯನ ಮುಂದೆ ಬಗ್ಗಿದ.

“ಬಸ್ ಇಳ್ದು ಏರಿ ಮ್ಯಾಲೆ ಬತ್ತಿದ್ದೆ” ಎಂದು ಪಿಸುಗುಟ್ಟಿದ. “ಅಲ್ಲಿ ನರಪಿಳ್ಳೆ ಇರ್ನಿಲ್ಲ. ಜೊಂಡಿಗೆ ಸಿಕ್ಕಾಕ್ಕೊಂಡು ಒಂದು ಬೆಂಡು ಕುಣೀತಾ ಇತ್ತು, ಎಳ್ದೆ. ತೊಡೆಗಾತ್ರವೇ ಸರಿ. ನಿಮ್ ಮಾತು ಸುಳ್ಳಲ್ಲ ಅಳಿಯಂದ್ರೆ.”

“ನಂಗೆ?” ತುಟಿ ಅಲುಗದಂತೆ ಕೇಳಿದ ಮರಿಯಪ್ಪ.

“ತಲೆ ಉಳ್ದಿತ್ತು. ನಾಗಯ್ಯ ಚೀಪ್ತಾವ್ನೆ.”

ಏಳುವಾಗ ಮಾವ ಅವನ ಅಂಗೈಗೆ ಏನನ್ನೋ ಒತ್ತಿದ. “ನನ್ ತುತ್ತಿನಾಗೆ ಸಿಕ್ತು.”

ಬೆರಳು ನೆಕ್ಕುತ್ತ ನಾಗಯ್ಯ ಹೊರಬಂದು ಸಾಲಿನ ಕೊನೆಗೆ ನಿಂತ. ಅವನು ಬಗ್ಗಿ ಕೈ ಚಾಚಿದಾಗ ಮರಿಯಪ್ಪ ತೀರ್ಥ ಕೊಡುವಂತೆ ಗಾಳವನ್ನು ಅವನ ಅಂಗೈಯಲ್ಲಿಟ್ಟ. ಅದು ಇನ್ನೂ ಬೆಚ್ಚಗಿತ್ತು.